ಕಿವಿ ಬಂದ ವಾಲ್ವ್

ನಮ್ಮನೆಯಲ್ಲಿ ಅಪ್ಪ ಮಗ ಮಾತು ಬಿಟ್ಟಿದ್ದರು. ಮಾತು ಬಿಟ್ಟಿದ್ದರು ಅಂದ ತಕ್ಷಣ ಮನೆ ತಣ್ಣಗಿತ್ತು ಅಂದ್ಕೋಬೇಡಿ. ಒಂದೇ ಕೋಣೆಯಲ್ಲಿ ಎದುರುಬದುರು ಕೂತು, ನನ್ನನ್ನು ನಡುವೆ ನಿಲ್ಲಿಸಿಕೊಂಡು ಜಗಳ ಆಡ್ತಿದ್ದರು.

"ಕಿಟಕಿ ಹಾಕೋಕೆ ಹೇಳಮ್ಮ ಅವನಿಗೆ" ಅಂತ ನಮ್ಮ ಮಾವ.

"ಸೆಕೆ ಆಗ್ತಿದೆ ಅಂತ ಹೇಳೇ ಅವರಿಗೆ" ಅಂತ ನಮ್ಮ ಯಜಮಾನರು.

ನಾನಿಲ್ಲದಾಗ ಸಾಮಾನುಗಳಿಗೆ ಹೇಳ್ತಿದ್ದರು. ಮಾವ ಬಾಗಿಲ ಹಿಂದಿನ ಛತ್ರಿಯನ್ನ ನೋಡಿಕೊಂಡು, "ಚಪ್ಪಲಿ ದಾರಿಗಡ್ಡ ಬಿಟ್ಟರೆ ಯಾರಾದರೂ ಎಡವಿ ಬೀಳ್ತಾರೆ ಅನ್ನೋ ಜ್ಞಾನ ಬೇಡ್ವಾ?" ಅನ್ನೋರು. ಇವರು ಫ್ರಿಜ್ಜಿಗೆ ಮುಖ ಮಾಡಿ, "ಕೆಳಗೆ ನೋಡ್ಕೊಂಡು ನಡೆದರೆ ಯಾರೂ ಬೀಳಲ್ಲ" ಅನ್ನೋರು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡೋಳು. ದಿನವೆಲ್ಲ ಕಂಡವರ ಮೂಗಿನ ಮೇಲೆ ಫ್ರೇಮ್ ಕೂರಿಸಿ, "ಕಿವಿ ಹಿಂದೆ ಒತ್ತುತ್ತಾ, ಮೂಗು ಹಿಡಿಯುತ್ತಾ" ಅಂತ ಕೇಳಿ ಕೇಳಿ ಗಂಟಲು ಒಣಗಿಸ್ಕೊಂಡು ಮನೆಗೆ ಬಂದರೆ, ಇಲ್ಲಿ ಈ ಟಪಾಲು ಹಂಚೋ ಕೆಲಸ.

ಕಾರಣ ಕೇಳಿದರೆ ನೀವೂ ಹಣೆ ಚಚ್ಚಿಕೊಳ್ತೀರ. ಮಾವ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು. ಗಾಜಿನ ಗೂಡಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತೆ, ಯಾವುದು ತಡ, ಯಾವುದು ರದ್ದು ಅಂತ ಹೇಳೋ ಕೆಲಸ. ಎಲ್ಲವನ್ನೂ ಎರಡೆರಡು ಸಲ ಹೇಳಬೇಕು. ಮೊದಲನೇ ಸಲಕ್ಕೆ ಜನ ಕತ್ತೆತ್ತುತ್ತಾರೆ, ಎರಡನೇ ಸಲಕ್ಕೆ ಕೇಳಿಸ್ಕೊಳ್ತಾರೆ ಅನ್ನೋದು ಮಾವನ ಸಿದ್ಧಾಂತ. ಮನೆಯಲ್ಲೂ ಅದೇ ಅಭ್ಯಾಸ. "ಉಪ್ಪು ಕಮ್ಮಿ" ಅಂದಮೇಲೆ ಒಂದು ಗಳಿಗೆ ಬಿಟ್ಟು ಮತ್ತೆ "ಉಪ್ಪು ಕಮ್ಮಿ". ಮದುವೆಯಾದ ಹೊಸತರಲ್ಲಿ ಹಂಗಿಸ್ತಿದ್ದಾರೆ ಅಂದ್ಕೊಂಡು ನಾನು ಬಚ್ಚಲಲ್ಲಿ ಕೂತು ಅತ್ತಿದ್ದುಂಟು.

ಅವರು ನಿವೃತ್ತರಾದ ದಿನವೇ ನಿಲ್ದಾಣದವರು ರೆಕಾರ್ಡ್ ಮಾಡಿದ ಧ್ವನಿಯ ಯಂತ್ರ ಕೂರಿಸಿದರು. ಮಾವನ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ಹೊಡೆದು, ಗುಂಡಿ ಒತ್ತಿದರು. ಯಾವಳೋ ಹುಡುಗಿಯ ನುಣ್ಣನೆ ಧ್ವನಿ ನಿಲ್ದಾಣವೆಲ್ಲ ತುಂಬಿತು. ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನರು, ಬಾಯಿಗೆ ಬೀಗವಿಲ್ಲದ ಮನುಷ್ಯ, "ಅಬ್ಬಾ! ಎಷ್ಟು ಸ್ಪಷ್ಟವಾಗಿದೆ ನೋಡಿ ಅಪ್ಪ, ಒಂಚೂರೂ ಗರಗರ ಇಲ್ಲ!" ಅಂದುಬಿಟ್ಟರು.

ಮಾವ ಆವತ್ತು ನಮ್ಮನ್ನ ಅಲ್ಲೇ ಬಿಟ್ಟು ಬೇರೆ ಬಸ್ಸು ಹತ್ತಿ ಮನೆಗೆ ಬಂದರು. ಅಲ್ಲಿಗೆ ಮಗನ ಜೊತೆ ಮಾತು ನಿಂತಿತು. "ಹೋಗಿ ತಪ್ಪಾಯ್ತು ಅನ್ನಿ ರೀ, ನಾಲಿಗೆ ಏನು ಸವೆಯಲ್ಲ" ಅಂತ ನಾನು ಬಡ್ಕೊಂಡೆ. "ಏನು ತಪ್ಪು ಮಾಡ್ದೆ ನಾನು? ಸ್ಪಷ್ಟವಾಗಿತ್ತು, ಸ್ಪಷ್ಟವಾಗಿದೆ ಅಂದೆ" ಅಂತ ಇವರು. ದಿನ ಕಳೆದ ಹಾಗೆ ಮಾವ ಎರಡೆರಡು ಸಲ ಹೇಳ್ತಿದ್ದಿದ್ದನ್ನ ಒಂದೇ ಸಲ ಹೇಳತೊಡಗಿದರು. ಆಮೇಲೆ ಅದೂ ಹೋಗಿ ಬರೀ ತಲೆಯಾಡಿಸೋದು, ಕೈ ತೋರಿಸೋದು. ಛತ್ರಿಯ ಜೊತೆಗೂ ಮಾತು ಕಮ್ಮಿಯಾಯಿತು. ನನಗೆ ನಿಜವಾಗಿ ಹೆದರಿಕೆ ಶುರುವಾಗಿದ್ದು ಆಗ. ಬಾಯಿಂದಲೇ ಬದುಕಿದ ಮನುಷ್ಯ ಹೀಗೆ ಒಂದೊಂದೇ ಮಾತು ಬಿಡ್ತಾ ಹೋದರೆ ಕೊನೆಗೆ ಏನು ಉಳಿಯುತ್ತೆ ಹೇಳಿ?

ಅಂಥಾ ಹೊತ್ತಿನಲ್ಲಿ ನಮ್ಮ ಯಜಮಾನರಿಗೆ ಆಂಪ್ಲಿಫೈಯರ್ ಹುಚ್ಚು ಹಿಡಿಯಿತು.

ಇವರು ಹಗಲು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸೋರು. ಕಲಿಯೋರ ಪಕ್ಕ ಕೂತು ಎರಡನೇ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಜೀವ ಕೈಯಲ್ಲಿ ಹಿಡಿದಿರೋ ಕೆಲಸ. ಶನಿವಾರ ಸಂಜೆ ಒಂದು ಹೋಟೆಲಿನಲ್ಲಿ ಬ್ಯಾಂಡ್ ಜೊತೆ ಗಿಟಾರ್ ಬಾರಿಸ್ತಾರೆ. ವಾರವಿಡೀ ತುಳಿದ ಬ್ರೇಕನ್ನೆಲ್ಲ ಬಿಡೋದು ಆಗಲೇ. ಆ ಗಿಟಾರಿನ ಸದ್ದು ಹಿಗ್ಗಿಸೋಕೆ ವಾಲ್ವ್ ಇರೋ ಆಂಪ್ ಬೇಕು, ಹಳೇ ಕಾಲದ ರೇಡಿಯೋದಲ್ಲಿ ಇರ್ತಿತ್ತಲ್ಲ, ಗಾಜಿನ ಬುರುಡೆ, ಅಂಥದ್ದು ಅಂತ ಹಠ. ಅದೂ ಕಂಪನಿ ಮಾಲು ಆಗಲ್ವಂತೆ. ಯಾರೋ ಒಬ್ಬ ಮಹಾನುಭಾವ ತನ್ನ ಕಾರ್ ಶೆಡ್ಡಿನಲ್ಲಿ ಕೂತು, ಒಂದೊಂದೇ ತಂತಿ ಕೈಯಲ್ಲೇ ಬೆಸೆದು, ವರ್ಷಕ್ಕೆ ನಾಲ್ಕಾರು ಮಾತ್ರ ಮಾಡ್ತಿದ್ದನಂತೆ. ಬೇರೆಯವರು ನಕಲು ಮಾಡಬಾರದು ಅಂತ ಒಳಗಿನ ಭಾಗಗಳ ಮೇಲೆ ಕಪ್ಪು ಅಂಟು ಸುರಿದು ಮುಚ್ಚಿಬಿಡ್ತಿದ್ದನಂತೆ. ಅಂಥದ್ದೊಂದು ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಮಾರಾಟಕ್ಕಿತ್ತು.

ನಾನೂ ಜೊತೆಗೆ ಹೋದೆ. ಇಷ್ಟವಾದ ವಸ್ತು ಕಂಡರೆ ಕೇಳಿದಷ್ಟು ಕೊಟ್ಟು ಮೇಲೆ ಥ್ಯಾಂಕ್ಸ್ ಹೇಳಿ ಬರೋ ಮನುಷ್ಯ ಇವರು. ಆಂಪ್ ಇದ್ದಿದ್ದು ಕ್ಲಿನಿಕ್ಕಿನ ಒಳಗೇ. ಎರಡು ತುಂಡು: ವಾಲ್ವ್‌ಗಳಿರೋ ಪೆಟ್ಟಿಗೆ ಒಂದು, ಸ್ಪೀಕರ್ ಇರೋ ಪೆಟ್ಟಿಗೆ ಒಂದು. ಕೂರೋಕೆ ಬೇರೆ ಜಾಗವಿಲ್ಲದೆ ಡಾಕ್ಟರು ಇವರನ್ನ ಹಲ್ಲು ಕೀಳೋ ಕುರ್ಚಿಯ ಮೇಲೇ ಮಲಗಿಸಿದರು, ಮುಖದ ಮೇಲೆ ದೀಪ ಹಾಕಿದರು, ಎದೆ ಮೇಲೆ ಗಿಟಾರ್ ಕೊಟ್ಟರು. ಇವರು ಒಂದು ತಂತಿ ಎಳೆದು ಬಾರಿಸಿದರು ನೋಡಿ, ಹೊರಗಡೆ ಕೆನ್ನೆ ಊದಿಸ್ಕೊಂಡು ಕಾಯ್ತಿದ್ದ ಹೆಂಗಸು ಚಪ್ಪಲಿ ಹಾಕ್ಕೊಳ್ಳೋದನ್ನೂ ಮರೆತು ಎದ್ದು ಹೋದಳು.

"ಯಾಕೆ ಮಾರ್ತಿದ್ದೀರಿ?" ಅಂತ ನಾನು ಕೇಳಿದೆ.

ಡಾಕ್ಟರು ತುಟಿ ಮೇಲೆ ಬೆರಳಿಟ್ಟು, ನಮ್ಮನ್ನ ಮೆಟ್ಟಿಲ ತನಕ ಕರ್ಕೊಂಡು ಬಂದು, ಬಾಗಿಲು ಮುಚ್ಚಿ ಹೇಳಿದರು: "ವ್ಯವಹಾರ ಎಲ್ಲ ಇಲ್ಲಿ ಮಾತಾಡೋಣ. ಅದರ ಮುಂದೆ ಬೇಡ."

ಏನೋ ಸ್ವಲ್ಪ ತಿಕ್ಕಲು ಅಂದ್ಕೊಂಡೆ. ಮನುಷ್ಯ ಒಳ್ಳೆಯವರೇ. ಚೌಕಾಸಿಗೂ ಬಗ್ಗಿದರು, ಹಲ್ಲಿನ ಕೊಳೆ ಕೆರೆಯೋ ಒಂದು ಹಳೇ ಕೊಕ್ಕೆಯನ್ನೂ ಪುಕ್ಕಟೆ ಕೊಟ್ಟರು, ಆ ಕಪ್ಪು ಅಂಟು ಕೆರೆಯೋಕೆ ಬೇಕಾಗುತ್ತೆ ಅಂತ.

ಮನೆಗೆ ತಂದಮೇಲೆ ಎಲ್ಲಿಡೋದು ಅನ್ನೋ ಪ್ರಶ್ನೆ. ಇವರು ಅಭ್ಯಾಸ ಮಾಡೋದು ರಸ್ತೆ ಕಡೆ ಕಿಟಕಿ ಇರೋ ಹಿಂದಿನ ಕೋಣೆಯಲ್ಲಿ. ಆದರೆ ನೆಟ್ಟಗೆ ಅರ್ತ್ ಬರೋ ಪ್ಲಗ್ಗು ಇಡೀ ಮನೆಗೆ ಒಂದೇ, ಅದು ಮುಂದಿನ ಕೋಣೆಯಲ್ಲಿ ಮಾವನ ಕುರ್ಚಿ ಪಕ್ಕ. ಹಾಗಾಗಿ ವಾಲ್ವ್ ಪೆಟ್ಟಿಗೆ ಮಾವನ ಕೈಯಳತೆಯಲ್ಲಿ ಸ್ಟೂಲಿನ ಮೇಲೆ ಕೂತಿತು, ಸ್ಪೀಕರ್ ಹಿಂದಿನ ಕೋಣೆಗೆ ಹೋಯಿತು. ನಡುವೆ ಅಡುಗೆಮನೆ ಮುಂದಿನಿಂದ ಉದ್ದಕ್ಕೆ ವೈರು. ನಾನು ದಿನಕ್ಕೊಂದು ಸಲ ಅದನ್ನ ಎಡವಿ, ಪ್ರತಿ ಸಲವೂ ಇಬ್ಬರಿಗೂ ಸೇರಿಸಿ ಬೈತಿದ್ದೆ.

ಮೊದಲನೇ ದಿನ ಇವರು ಸ್ವಿಚ್ ಹಾಕಿ ಹಿಂದಕ್ಕೆ ಹೋದರು. ವಾಲ್ವ್‌ಗಳು ಬಿಸಿಯಾಗೋವರೆಗೂ ಅದು ಉಸಿರೆತ್ತಲ್ಲ. ಗಾಜಿನೊಳಗೆ ಕೆಂಪಗೆ ಕೆಂಡದ ಚೂರಿನಂಥ ಬೆಳಕು ಹತ್ತಿತು. ಮಾವ ಬಗ್ಗಿ ಅದನ್ನೇ ನೋಡಿದರು. ಬಹಳ ದಿನದ ಮೇಲೆ ಬಾಯಿ ಬಿಟ್ಟು, "ಯಾರಪ್ಪ ನೀನು? ನಿನ್ನನ್ನ ಯಾಕೆ ತಂದು ನನ್ನ ಪಕ್ಕ ಕೂರಿಸಿದ್ದಾರೆ?" ಅಂದರು.

ಹಿಂದಿನ ಕೋಣೆಯಲ್ಲಿ ಆಕಾಶವಾಣಿಯಾಯಿತು. ಯಾರಪ್ಪ ನೀನು, ನಿನ್ನನ್ನ ಯಾಕೆ ತಂದು ನನ್ನ ಪಕ್ಕ ಕೂರಿಸಿದ್ದಾರೆ! ಇವರು ಗಿಟಾರ್ ಸಮೇತ ಓಡಿ ಬಂದರು. ಮಾವ ಅಷ್ಟೇ ಬೆಚ್ಚಿ ಎದ್ದು ನಿಂತಿದ್ದರು. ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿ, ಮಾತು ಬಿಟ್ಟಿರೋದು ನೆನಪಾಗಿ, ಇಬ್ಬರೂ ಆಂಪ್ ಕಡೆ ತಿರುಗಿಕೊಂಡರು. ನಾನು ಸೌಟು ಹಿಡ್ಕೊಂಡು ಬಾಗಿಲಲ್ಲಿ ನಗ್ತಾ ನಿಂತೆ. ಹಲ್ಲಿನ ಡಾಕ್ಟರು ಮೆಟ್ಟಿಲ ಮೇಲೆ ವ್ಯವಹಾರ ಮಾಡಿದ್ದು ಯಾಕೆ ಅಂತ ಆಗ ತಲೆಗೆ ಹೋಯಿತು.

ಮಾವ ನಿಧಾನಕ್ಕೆ ಕೂತರು. ಅಂಗಿ ಕಾಲರ್ ಸರಿ ಮಾಡ್ಕೊಂಡರು. ಗಂಟಲು ಕ್ಯಾಕರಿಸಿದರು, ಅದೂ ಹಿಂದಿನ ಕೋಣೆಯಲ್ಲಿ ಗುಡುಗಿತು. ಆಮೇಲೆ, "ಪ್ರಯಾಣಿಕರ ಗಮನಕ್ಕೆ" ಅಂದರು. ಒಂದು ಗಳಿಗೆ ಬಿಟ್ಟು ಮತ್ತೆ, "ಪ್ರಯಾಣಿಕರ ಗಮನಕ್ಕೆ."

ಎರಡು ಸಲ! ನನಗೆ ಕಣ್ಣಲ್ಲಿ ನೀರು ಬಂತು. ಸೌಟಿನಲ್ಲಿದ್ದಿದ್ದು ನೆಲಕ್ಕೆ ಸುರಿದಿದ್ದೂ ಗೊತ್ತಾಗಲಿಲ್ಲ.

ಅಲ್ಲಿಂದ ಮನೆ ಬಸ್ ನಿಲ್ದಾಣವಾಯಿತು. ಅಡುಗೆಮನೆ ಒಂದನೇ ಪ್ಲಾಟ್‌ಫಾರಂ, ಬಚ್ಚಲು ಎರಡನೇದು. ಬೆಳಗ್ಗೆ ಎದ್ದು ಮಾವನೇ ಸ್ವಿಚ್ ಹಾಕಿ, ಅದು ಬಿಸಿಯಾಗೋವರೆಗೆ ತಾವೂ ಕಾಫಿ ಕುಡಿದು ಬಿಸಿಯಾಗಿ, ಶುರು ಮಾಡ್ತಿದ್ದರು. "ಪ್ರಯಾಣಿಕರ ಗಮನಕ್ಕೆ. ಒಂದನೇ ಪ್ಲಾಟ್‌ಫಾರಂನಿಂದ ಹೊರಡಬೇಕಾಗಿದ್ದ ತಿಂಡಿ ತಡವಾಗಿ ಹೊರಡಲಿದೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ." "ಎರಡನೇ ಪ್ಲಾಟ್‌ಫಾರಂ ಈಗ ಖಾಲಿಯಿದೆ. ಸ್ನಾನಕ್ಕೆ ಹೋಗುವವರು ಕೂಡಲೇ ಹೊರಡತಕ್ಕದ್ದು." "ಅಂಗಡಿಗೆ ಹೋಗಬೇಕಾದ ಸೊಸೆ ಛತ್ರಿ ಮರೆತಿದ್ದಾರೆ." ಎಲ್ಲವೂ ಎರಡೆರಡು ಸಲ. ನನ್ನ ಟಪಾಲು ಕೆಲಸ ತಪ್ಪಿತು. ಏನಿದ್ದರೂ ಮಾವ ಆಂಪಿಗೆ ಹೇಳೋರು, ಆಂಪು ಮಗನಿಗೆ ಹೇಳೋದು.

ಮಗ ಏನು ಮಾಡ್ತಿದ್ದ ಅಂತೀರಾ? ಮೊದಲು ಗೊಣಗಿದರು. "ನಾನು ಗಿಟಾರಿಗೆ ಅಂತ ತಂದರೆ ಇವರು ಬಸ್ಸು ಬಿಡ್ತಿದ್ದಾರೆ" ಅಂತ ಫ್ರಿಜ್ಜಿಗೆ ದೂರು. ಒಂದು ಬೆಳಗ್ಗೆ ಮಾವ ಬಾಯಿ ತೆರೆಯೋದಕ್ಕೆ ಮುಂಚೆ ಹಿಂದಿನ ಕೋಣೆಯಿಂದ ಮೂರು ಸ್ವರ ಕೇಳಿಸಿತು, ಟಿಂಗ್, ಟಾಂಗ್, ಟಿಂಗ್. ನಿಲ್ದಾಣದಲ್ಲಿ ಅನೌನ್ಸ್‌ಮೆಂಟಿಗೆ ಮುಂಚೆ ಬರ್ತಿತ್ತಲ್ಲ, ಅದೇ ಸದ್ದು, ಗಿಟಾರಿನಲ್ಲಿ. ಮಾವ ಬೆನ್ನು ನೆಟ್ಟಗೆ ಮಾಡ್ಕೊಂಡು ಶುರು ಮಾಡಿದರು. ದಿನವೂ ಹಾಗೇ ಆಯಿತು. ಕೇಳಿದರೆ ಇವರು, "ಸುಮ್ಮನೆ ತಂತಿ ಶ್ರುತಿ ನೋಡ್ತಿದ್ದೆ" ಅಂತ ಮುಖ ತಿರುಗಿಸೋರು. ಸುಳ್ಳು ಹೇಳೋಕೂ ಬರಲ್ಲ ಈ ಮನುಷ್ಯನಿಗೆ.

ಈ ನಡುವೆ ಇವರು ಆಂಪನ್ನ ಉತ್ತಮ ಮಾಡೋಕೆ ಹೊರಟರು. ಅದಕ್ಕೆ ಪೆನ್ಸಿಲ್ ಬಂದ. ಆಂಪ್ ರಿಪೇರಿ ಮಾಡೋ ಆತನನ್ನ ಎಲ್ಲರೂ ಕರೆಯೋದೇ ಪೆನ್ಸಿಲ್ ಅಂತ. ಕಿವಿ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತೆ, ಅದರಲ್ಲಿ ಆತ ಒಂದಕ್ಷರ ಬರೆದಿದ್ದನ್ನ ಯಾರೂ ನೋಡಿಲ್ಲ. ಅದು ವಾಲ್ವ್ ಬಡಿದು ನೋಡೋಕೆ. ಆತ ಬಂದ ಕೂಡಲೇ, "ವಾಲ್ವ್ ಒಂದೊಂದಾಗಿ ತಟ್ಟಿ ನೋಡ್ಲಾ?" ಅಂದ. ಇವರು ಹೌಹಾರಿ, "ಬೇಡ ಬೇಡ! ಮಾಡಿದವನೇ ಆರಿಸಿ ಹಾಕಿರೋ ವಾಲ್ವ್‌ಗಳು. ಅವನ್ನ ಮುಟ್ಟಬೇಡ, ಮಿಕ್ಕಿದ್ದು ಏನು ಬೇಕಾದರೂ ಮಾಡು" ಅಂದರು. ಎಲ್ಲ ರೋಗವೂ ಅಲ್ಲೇ ಇತ್ತು. ಈ ಆಂಪ್ ಭಕ್ತರಿಗೆ ಅದು ಹೇಗೆ ಹೊಳೀಬೇಕು?

ಹಾಗಾಗಿ ಮಿಕ್ಕಿದ್ದೆಲ್ಲ ಉತ್ತಮವಾಯಿತು. ಪೆನ್ಸಿಲ್ ಹಲ್ಲಿನ ಕೊಕ್ಕೆಯಿಂದ ಕಪ್ಪು ಅಂಟು ಕೆರೆದು ಹಳೇ ಕೆಪಾಸಿಟರ್ ತೆಗೆದು ಹೊಸದು ಹಾಕಿದ. ಗುಂಯ್ ಅನ್ನೋದು ನಿಂತು ಮಾವನ ಧ್ವನಿ ತಿಳಿಯಾಯಿತು. ಟ್ರಾನ್ಸ್‌ಫಾರ್ಮರ್ ಬದಲಾಯಿಸಿದ. ಮಾವನ ಧ್ವನಿಗೆ ಬಲ ಬಂತು. ಕೊನೆಗೆ ದೊಡ್ಡ ಸ್ಪೀಕರ್ ಹಾಕಿದ. ಗಿಟಾರಿನಲ್ಲಿ ಏನು ಫರಕಾಯಿತೋ ನನ್ನ ಕಿವಿಗೆ ಗೊತ್ತಾಗಲಿಲ್ಲ. ಮಾವ "ಎರಡನೇ ಪ್ಲಾಟ್‌ಫಾರಂ ಖಾಲಿಯಿದೆ" ಅಂದರೆ ಪಾತ್ರೆ ಸ್ಟ್ಯಾಂಡು ಮಾತ್ರ ನಡುಗತೊಡಗಿತು.

ಹಿಂದಿನ ಕಿಟಕಿ ರಸ್ತೆಗೆ ಅಂತ ಹೇಳಿದೆನಲ್ಲ. ಒಂದು ರಜದ ದಿನ ಬಟ್ಟೆ ಒಣಗಿಸೋಕೆ ಹೋಗಿ ನೋಡ್ತೀನಿ, ಕಿಟಕಿ ಕೆಳಗೆ ಜನ ಸಾಲಾಗಿ ನಿಂತಿದ್ದಾರೆ. ಕೈಯಲ್ಲಿ ಸೂಟ್‌ಕೇಸು, ಚೀಲ, ಒಬ್ಬರ ಬಗಲಲ್ಲಿ ಸುತ್ತಿದ ಹಾಸಿಗೆ. ಒಬ್ಬ ಅಜ್ಜಿ ನನ್ನನ್ನ ನೋಡಿ, "ಟಿಕೇಟು ನೀನೇ ಕೊಡ್ತೀಯೇನಮ್ಮ?" ಅಂದಳು.

"ಇದು ಮನೆ ಕಣಜ್ಜಿ!"

"ಮನೆಯಾದರೇನು, ಬಸ್ಸು ಬಂದರೆ ಸಾಕು" ಅಂತ ಅಜ್ಜಿ.

ಬಸ್ಸೂ ಬಂತು! ನಿಲ್ದಾಣಕ್ಕೆ ತಿರುಗಬೇಕಾದ ಬಸ್ಸು ತಿರುಗದೆ ಬಂದು ನಮ್ಮ ಬಚ್ಚಲ ಗೋಡೆ ಪಕ್ಕ ನಿಂತು ಉಸ್ಸಂತ ಗಾಳಿ ಬಿಟ್ಟಿತು. ನಾನು ಡ್ರೈವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಆತ ಶಾಂತವಾಗಿ ಟೋಪಿ ತೆಗೆದು, "ಸಾರು ಎರಡನೇ ಪ್ಲಾಟ್‌ಫಾರಂ ಖಾಲಿ ಇದೆ ಅಂದ್ರಲ್ಲಮ್ಮ. ಸರ್ವೀಸಿಗೆ ಸೇರಿದಾಗಿಂದ ಸಾರ್ ಹೇಳಿದ ಕಡೆಗೇ ಗಾಡಿ ಹಾಕಿರೋನು ನಾನು. ಆ ಯಂತ್ರದ ಹುಡುಗಿ ಮಾತು ಕೇಳೋಕೆ ಮನಸ್ಸು ಬರಲ್ಲ. ಸಾರು ಚೆನ್ನಾಗಿದ್ದಾರಾ?" ಅಂದ.

ಒಳಗೆ ಹೋಗಿ ಮಾವನಿಗೆ ಹೇಳಿದೆ. ಮಾವ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಆಂಪ್ ಹತ್ತಿರ ಬಗ್ಗಿ ಆ ಬಸ್ಸಿಗೆ ಹೊರಡೋಕೆ ಅಪ್ಪಣೆ ಕೊಟ್ಟರು. ಅಜ್ಜಿ ಹತ್ತಿದಳು, ಎಲ್ಲರೂ ಹತ್ತಿದರು. ಆಮೇಲಿಂದ ಆ ಡ್ರೈವರು ರಜದ ದಿನವೂ ತಪ್ಪದೆ ನಮ್ಮ ಬಚ್ಚಲಿಗೆ ಬಂದು ನಿಂತು ಹೋಗ್ತಿದ್ದ. ನಮ್ಮ ಬೀದಿಯವರಿಗೆ ಅನುಕೂಲವೇ ಆಯಿತು, ನಿಲ್ದಾಣದ ತನಕ ನಡೆಯೋದು ತಪ್ಪಿತು. ನಾನು ಸ್ನಾನ ಮಾಡೋವಾಗ ಗೋಡೆಯಾಚೆ ಕಂಡಕ್ಟರ್ ಸೀಟಿ ಊದೋದಕ್ಕೂ ಒಗ್ಗಿಕೊಂಡೆ. ಏನಾದರೂ ಆಗಲಿ, ಮಾವ ಮಾತಾಡ್ತಿದ್ದಾರಲ್ಲ ಅನ್ನೋ ಸಮಾಧಾನ.

ಆಗ ಹೋಟೆಲಿನ ಕಥೆಯಾಯಿತು. ಇವರು ಆಂಪನ್ನ ಮೊದಲ ಸಲ ಅಲ್ಲಿಗೆ ಒಯ್ದು ವೇದಿಕೆ ಮೇಲಿಟ್ಟು ಅಭ್ಯಾಸ ಶುರು ಮಾಡಿದರು. ಹೋಟೆಲಿನ ಮ್ಯಾನೇಜರ್ ಪರದೆ ಹಿಂದೆ, ಸರಿಯಾಗಿ ಆಂಪಿನ ಬೆನ್ನಿಗೆ ನಿಂತು, ಅಡುಗೆಯವನ ಕಿವಿಯಲ್ಲಿ ಹೇಳಿದನಂತೆ: "ಈ ಬ್ಯಾಂಡಿನವರಿಗೆ ನಿನ್ನೆ ಉಳಿದಿದ್ದನ್ನೇ ಬಿಸಿ ಮಾಡಿ ಹಾಕು. ಗಿರಾಕಿಗಳಿಗೂ ಅದನ್ನೇ ಹಾಕು, ಏನೂ ಗೊತ್ತಾಗಲ್ಲ." ಊಟಕ್ಕೆ ಕೂತಿದ್ದವರೆಲ್ಲ ತಟ್ಟೆ ಬಿಟ್ಟು ಎದ್ದರು. ಮ್ಯಾನೇಜರ್ ಕೆಂಡಾಮಂಡಲವಾದ. ಬ್ಯಾಂಡಿನ ಯಜಮಾನ ಡ್ರಮ್ಮರು. ಆತ ಇವರ ಹೆಗಲ ಮೇಲೆ ಕೈಯಿಟ್ಟು, "ಶನಿವಾರದೊಳಗೆ ಆ ಪೆಟ್ಟಿಗೆ ಬಾಯಿ ಮುಚ್ಚಿಸು. ಇಲ್ಲದಿದ್ದರೆ ಬೇರೆ ಗಿಟಾರಿನವನನ್ನ ನೋಡ್ಕೊಳ್ತೀನಿ, ಬೇಜಾರು ಮಾಡ್ಕೋಬೇಡ" ಅಂದನಂತೆ.

ಇವರು ಮನೆಗೆ ಬಂದು ತಲೆ ತಗ್ಗಿಸಿ ಕೂತರು. "ಪೆನ್ಸಿಲನ್ನ ಕರೆಸ್ತೀನಿ. ವಾಲ್ವ್ ನೋಡಿಸಲೇಬೇಕು ಕಣೇ."

"ಮಾವನಿಗೆ?"

"ಇಡೀ ವಾರದಲ್ಲಿ ನಾನು ಮನುಷ್ಯನಾಗಿರೋದು ಆ ಶನಿವಾರ ಒಂದೇ" ಅಂದರು. ಅದೂ ನಿಜ, ನನಗೆ ಗೊತ್ತು. ಆದರೂ ಸಿಟ್ಟು ನೆತ್ತಿಗೇರಿತು. "ಬ್ಯಾಂಡ್ ಬೇಕಾ ಅಪ್ಪ ಬೇಕಾ ಅಂತ ನಾನು ಕೇಳಲ್ಲ ರೀ. ನೀವು ಏನಂತೀರೋ ಅನ್ನೋ ಭಯ ನನಗೆ" ಅಂದು ಒಳಗೆ ಹೋಗಿ ಪಾತ್ರೆ ಕುಕ್ಕಿದೆ.

ಮಾವ ಕ್ಷೌರಕ್ಕೆ ಹೋದ ಹೊತ್ತು ನೋಡಿಕೊಂಡು ಪೆನ್ಸಿಲನ್ನ ಕರೆಸಿದರು. ಎದುರಿಗೆ ಮಾಡಿಸೋ ಧೈರ್ಯ ಇರಲಿಲ್ಲ. ಪೆನ್ಸಿಲ್ ಕಿವಿ ಮೇಲಿಂದ ಪೆನ್ಸಿಲ್ ತೆಗೆದು ವಾಲ್ವ್‌ಗಳನ್ನ ಒಂದೊಂದಾಗಿ ತಟ್ಟಿದ. ಕೊನೆಯಲ್ಲಿದ್ದ ಚಿಕ್ಕದನ್ನ ತಟ್ಟಿದಾಗ ಹಿಂದಿನ ಕೋಣೆಯಲ್ಲಿ ಯಾರೋ ಬಾಗಿಲು ಬಡಿದ ಹಾಗಾಯಿತು.

"ಇದೇ. ಒಳಗಿನ ತಗಡು ಸಡಿಲವಾಗಿದೆ. ಪಕ್ಕದಲ್ಲಿ ಮಾತಾಡಿದರೆ ನಡುಗುತ್ತೆ, ನಡುಗಿದ್ದನ್ನೇ ಮಾತು ಮಾಡಿ ಕಳಿಸುತ್ತೆ. ವಾಲ್ವ್‌ಗೆ ಕಿವಿ ಬಂದಿದೆ ಅಂತೀವಿ ನಾವು. ಬಲ್ಬ್ ಥರ ಕಿತ್ತು ಹೊಸದು ಹಾಕೋದು, ಮುಗೀತು" ಅಂದ. ಹಾಕಿದ, ಹಳೆಯದನ್ನ ಕಸದ ಬುಟ್ಟಿಗೆ ಎಸೆಯೋಕೆ ಹೋದ. ನಾನು ಕಿತ್ತುಕೊಂಡು ಒಂದು ಕನ್ನಡಕದ ಡಬ್ಬಿಯಲ್ಲಿಟ್ಟೆ. ಯಾಕೆ ಅಂತ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಪೆನ್ಸಿಲ್ ಹೋದ ಮೇಲೆ ಇವರು ಹಿಂದಿನ ಕೋಣೆಗೆ ಹೋಗಿ ಬಾರಿಸಿದರು. ನಾನು ಹಟಕ್ಕೆ ಆಂಪಿನ ಪಕ್ಕ ನಿಂತು ಜೋರಾಗಿ ಕೆಮ್ಮಿದೆ. ಹಿಂದೆ ಏನೂ ಕೇಳಲಿಲ್ಲ. ಗಿಟಾರ್ ಮಾತ್ರ, ತೊಳೆದಿಟ್ಟ ಗಾಜಿನ ಹಾಗೆ. ಇವರ ಕೂಗು ಬಂತು: "ಅಬ್ಬಾ! ಎಷ್ಟು ಸ್ಪಷ್ಟವಾಗಿದೆ ನೋಡೇ, ಒಂಚೂರೂ ಗರಗರ ಇಲ್ಲ!"

ಅಂದರು ಅಷ್ಟೇ. ಗಿಟಾರ್ ನಿಂತುಹೋಯಿತು. ನಾನು ಹೋಗಿ ನೋಡಿದರೆ ಬಾಯಿ ಹಾಗೇ ತೆರೆದು ಕೂತಿದ್ದಾರೆ.

"ಇದೇ ಮಾತು ಅಂದಿದ್ದೆ ಅಲ್ವೇನೇ ನಾನು? ಆವತ್ತು?"

"ಹೂಂ. ಅಕ್ಷರ ಬಿಡದ ಹಾಗೆ."

"ಅಪ್ಪನ ಎದುರಿಗೆ."

"ಗಡಿಯಾರ ಹಿಡ್ಕೊಂಡು ನಿಂತಿದ್ದರು" ಅಂದೆ ನಾನು.

ಅಷ್ಟರಲ್ಲಿ ಮುಂದಿನ ಬಾಗಿಲು ಸದ್ದಾಯಿತು. ಮಾವ ಬಂದರು. ಕೂದಲು ನೀಟಾಗಿ ಕತ್ತರಿಸಿತ್ತು, ಅಂಗಿಗೆ ಇಸ್ತ್ರಿ. ಆಂಪ್ ಹೊತ್ತಿರೋದನ್ನ ನೋಡಿ ಖುಷಿಯಾಗಿ ಕುರ್ಚಿ ಎಳೆದುಕೊಂಡರು. ಕಿಟಕಿ ಕೆಳಗೆ ಜನ ಸೇರಿದ್ದರು, ಬಸ್ಸು ಬಚ್ಚಲ ಪಕ್ಕ ಬಂದು ನಿಂತಿತ್ತು. ಹೇಳಿಬಿಡಬೇಕು ಅಂತ ನಾನು ಬಾಯಿ ತೆರೆಯೋದರೊಳಗೆ, ಹಿಂದಿನ ಕೋಣೆಯಲ್ಲಿ ಇವರಿಗೆ ಏನು ಮಾಡಬೇಕೋ ತೋಚದೆ, ಕೈ ತಾನಾಗಿ ಬಾರಿಸಿಬಿಟ್ಟಿತು. ಟಿಂಗ್, ಟಾಂಗ್, ಟಿಂಗ್.

"ಪ್ರಯಾಣಿಕರ ಗಮನಕ್ಕೆ" ಅಂದರು ಮಾವ.

ಹಿಂದಿನ ಕೋಣೆಯ ಸ್ಪೀಕರಿನಿಂದ ಏನೂ ಬರಲಿಲ್ಲ. ಮಾವ ಆಂಪಿಗೆ ಇನ್ನೂ ಹತ್ತಿರ ಬಗ್ಗಿದರು. "ಪ್ರಯಾಣಿಕರ ಗಮನಕ್ಕೆ."

ಪಾತ್ರೆ ಸ್ಟ್ಯಾಂಡು ಅಲುಗಲಿಲ್ಲ. ಹೊರಗಡೆ ಡ್ರೈವರು ಎಂಜಿನ್ ಆರಿಸಿ ಕಾಯ್ತಿದ್ದ. ಮಾವ ಪೆಟ್ಟಿಗೆಯನ್ನ ಮೆಲ್ಲಗೆ ತಟ್ಟಿದರು, ನನ್ನ ಕಡೆ ನೋಡಿದರು, ಮತ್ತೆ ಪೆಟ್ಟಿಗೆ ನೋಡಿದರು. ಆಮೇಲೆ ಸಣ್ಣ ಧ್ವನಿಯಲ್ಲಿ ಮೂರನೇ ಸಲ ಹೇಳಿದರು: "ಪ್ರಯಾಣಿಕರ ಗಮನಕ್ಕೆ."

ನಾನು ಈ ಮನೆಗೆ ಬಂದಾಗಿನಿಂದ ಮಾವ ಯಾವುದನ್ನೂ ಮೂರು ಸಲ ಹೇಳಿದ್ದನ್ನ ಕೇಳಿರಲಿಲ್ಲ. ಆ ಹಾಳು ವಾಲ್ವನ್ನ ನಾನೇ ತುರುಕಿಬಿಡ್ತೀನಿ ಅಂತ ಡಬ್ಬಿಗೆ ಕೈ ಹಾಕಿದೆ.

ಅಷ್ಟರಲ್ಲಿ ಇವರು ಬಂದರು. ವೈರು ಎಡವಿಕೊಂಡು, ಗಿಟಾರ್ ಕತ್ತಿಗೆ ನೇತುಹಾಕಿಕೊಂಡೇ ಬಂದು ಮಾವನ ಕುರ್ಚಿ ಎದುರು ನಿಂತರು. "ಅಪ್ಪ" ಅಂತ ಶುರು ಮಾಡಿದರು. ಮುಂದಕ್ಕೆ ಹೋಗಲಿಲ್ಲ. ಅಭ್ಯಾಸ ತಪ್ಪಿಹೋಗಿತ್ತು ನೋಡಿ. ಆ ಕಡೆ ಈ ಕಡೆ ನೋಡಿದರು, ಫ್ರಿಜ್ಜು ದೂರ ಇತ್ತು. ಕೊನೆಗೆ ಮಂಡಿಯೂರಿ, ಆಂಪಿನ ಹತ್ತಿರ ಬಾಯಿ ತಂದು, ಕಿವುಡಾದ ಆ ಪೆಟ್ಟಿಗೆಗೆ ಹೇಳಿದರು:

"ಪ್ರಯಾಣಿಕರ ಗಮನಕ್ಕೆ. ಬಸ್ ನಿಲ್ದಾಣದಲ್ಲಿ ಯಂತ್ರ ಶುರುವಾದ ದಿನ ಮಗ ಆಡಿದ ಮಾತನ್ನ ರದ್ದುಪಡಿಸಲಾಗಿದೆ. ಆ ಯಂತ್ರಕ್ಕಿಂತ ಗರಗರ ಅನ್ನೋ ಧ್ವನಿಯೇ ಚೆನ್ನಾಗಿತ್ತು. ಚಿಕ್ಕವನಿದ್ದಾಗ ಆ ಧ್ವನಿ ಕೇಳೋಕೆ ಅಂತಲೇ ಮಗ ಶಾಲೆಯಿಂದ ನಿಲ್ದಾಣ ಸುತ್ತಿ ಬರ್ತಿದ್ದ. ಇದನ್ನ ಹೇಳೋದು ಬಹಳ ತಡವಾಗಿದೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ಇವರು ತಲೆ ಎತ್ತಲಿಲ್ಲ. ಮಾವ ಛತ್ರಿಗಲ್ಲ, ನನಗಲ್ಲ, ಆಂಪಿಗಲ್ಲ, ಮಗನ ತಲೆಗೇ ಹೇಳಿದರು:

"'ವಿಷಾದಿಸುತ್ತೇವೆ' ಅನ್ನೋವಾಗ ಅಷ್ಟು ಅವಸರ ಮಾಡಬಾರದು. ಜನ ಅದಕ್ಕೇ ಕಾಯ್ತಿರ್ತಾರೆ."

"ಸರಿ ಅಪ್ಪ" ಅಂದರು ಇವರು.

"ವಾಲ್ವ್ ತೆಗೆಸಿದ್ಯಾ?"

"ಹೂಂ. ಶನಿವಾರಕ್ಕೆ ಅಂತ. ಹಳೇದು..."

"ನನ್ನ ಹತ್ತಿರ ಇದೆ ಮಾವ" ಅಂತ ನಾನು ಕನ್ನಡಕದ ಡಬ್ಬಿ ಎತ್ತಿ ತೋರಿಸಿದೆ.

"ಇರಲಿ. ಶನಿವಾರ ಕಳೀಲಿ, ಆಮೇಲೆ ಹಾಕು" ಅಂದರು ಮಾವ ಮಗನಿಗೆ. ಹೊರಗೆ ಡ್ರೈವರು ಮೆಲ್ಲಗೆ ಒಂದು ಹಾರನ್ ಹೊಡೆದ. ಮಾವ ಅದಕ್ಕೆ ಕಿವಿಗೊಡದೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು.

"ಈಗ ಇನ್ನೊಂದು ಸಲ ಹೇಳು" ಅಂದರು.